ಬನ ಸುತ್ತಿದ ಫೋನು

ದೊಡ್ಡಣ್ಣ ಚಪ್ಪಲಿ ಬಿಟ್ಟು, ನನ್ನ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬನದ ಹತ್ತಿರ ಬಂದ. ಮಂಗಳಾರತಿ ತಟ್ಟೆ ಹಿಡಿದ ಹಾಗೆ ಹಿಡಿದಿದ್ದ. ನಾನು ಅಲ್ಲೇ ಮಣ್ಣಿನಲ್ಲಿ ಮಂಡಿಯೂರಿ ಸೋರುತ್ತಿದ್ದ ನೀರಿನ ಪೈಪಿನ ಗೇಟ್‌ವಾಲ್ ಬಿಗಿ ಮಾಡುತ್ತಿದ್ದೆ. ನಾನು ಬಂದದ್ದೇ ಆ ವಾಲ್‌ಗೆ. ಜಮೀನು ಅಳೆಯುವುದಕ್ಕೆ ಬಂದವನಲ್ಲ.

ಅವನು ಬನದ ಅಮ್ಮನಿಗೆ ಕೈಮುಗಿದು ಹಾಗೇ ಮುಂದಕ್ಕೆ ಹೋಗುವವನಿದ್ದ. ತಡೆದದ್ದು ಅವನ ತಮ್ಮನ ಹೆಂಡತಿ. ಅವನನ್ನು ನಾನು ದೊಡ್ಡಣ್ಣ, ಅವಳನ್ನು ಅಕ್ಕ ಅನ್ನುತ್ತೇನೆ, ಇಬ್ಬರೂ ನಮ್ಮ ಅಂಗಡಿಯ ಗಿರಾಕಿಗಳು. ಹಿಂದೆ ಬರುತ್ತಿದ್ದವಳು ನಿಂತು, ನನ್ನ ಕಡೆ ನೋಡಿಕೊಂಡು, "ಬಾವನ್ಗೆ ಯೋಳಪ್ಪ, ಅಮ್ಮನ್ ಮುಂದೆ ಅಂಗೇ ಓಗ್ಬಾರ್ದು. ಒಂದ್ ಸುತ್ ಬಂದು ಓಗ್ಲಿ" ಅಂದಳು.

ಭಾವ ಅಲ್ಲೇ ಇದ್ದ. ಅವನಿಗೆ ಕೇಳಿಸಿತ್ತು. ಆದರೂ ಗಂಡನ ಅಣ್ಣನ ಜೊತೆ ಅವಳು ನೇರ ಮಾತಾಡುವುದಿಲ್ಲ. ಮದುವೆಯಾಗಿ ಬಂದಾಗಿನಿಂದ ಹಾಗೆ. ನಡುವೆ ಯಾರಾದರೂ ಬೇಕು. ಯಾರೂ ಇಲ್ಲದಿದ್ದರೆ ಎಮ್ಮೆಗೆ ಹೇಳುತ್ತಾಳೆ, ಅವನು ಕೇಳಿಸಿಕೊಳ್ಳುತ್ತಾನೆ. ಅವತ್ತು ಎಮ್ಮೆ ಇರಲಿಲ್ಲ, ನಾನಿದ್ದೆ.

ಅವನು ತಿರುಗಿದ. ಬನ ಅಂದರೆ ದೊಡ್ಡದೇನಲ್ಲ. ಒಂದು ಬೇವಿನ ಮರ, ನಾಕಾರು ಹೊಂಗೆ, ನಡುವೆ ಅಮ್ಮನ ಕಲ್ಲು, ಸುತ್ತ ಹಿಂದಿನವರು ನೆಟ್ಟ ಗುಂಡುಕಲ್ಲುಗಳು. ಆ ಕಲ್ಲುಗಳ ಒಳಗೆ ಯಾರೂ ನೇಗಿಲು ಹೂಡುವುದಿಲ್ಲ. ಅದು ಅಕ್ಕನ ಪಾಲಿನ ಮೂಲೆಯಲ್ಲಿದೆ. ಶುಕ್ರವಾರ ದೀಪ ಹಚ್ಚುವವಳು ಅವಳೇ. ದೊಡ್ಡಣ್ಣ ಅಮ್ಮನನ್ನು ಬಲಕ್ಕೆ ಹಾಕಿಕೊಂಡು ಪೂರ್ತಿ ಒಂದು ಸುತ್ತು ಬಂದು, ಹೊರಟ ಜಾಗದಲ್ಲೇ ಚಪ್ಪಲಿ ಮೆಟ್ಟಿಕೊಂಡು, ಬದುವಿನ ಮೇಲೆ ಮುಂದಕ್ಕೆ ನಡೆದ. ಅಕ್ಕ ಕೆನ್ನೆ ಬಡಿದುಕೊಂಡಳು. ಫೋನು ಅಷ್ಟು ಹೊತ್ತೂ ಅಳೆಯುತ್ತಲೇ ಇತ್ತು.

ಅದು ನನಗೆ ಆಗ ಹೊಳೆಯಲಿಲ್ಲ. ವಾಲ್‌ನಿಂದ ನೀರು ಮುಖಕ್ಕೆ ಚಿಮ್ಮುತ್ತಿತ್ತು.

ನಾನು ಕೊಳ್ಳೇಗಾಲದಲ್ಲಿ ಒಂದು ಡ್ರಿಪ್ ಪೈಪಿನ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಊರು ಯಳಂದೂರಿನ ಹತ್ತಿರ. ಎಂಟನೇ ಕ್ಲಾಸಿಗೆ ಸ್ಕೂಲು ಸಾಕು ಅನ್ನಿಸಿತು, ಬಿಟ್ಟೆ. ಬೆಳಿಗ್ಗೆ ಬಸ್ಸು ಹತ್ತಿ ಬಂದು, ಅಂಗಡಿಯ ಗಾಡಿಗೆ ಪೈಪು ತುಂಬಿ, ಹನೂರು ಕಡೆಯೋ ಕುಂತೂರು ಕಡೆಯೋ ಎಲ್ಲಿಗೆ ಹೇಳುತ್ತಾರೋ ಅಲ್ಲಿಗೆ ಹೋಗಿ, ಗುಂಡಿ ತೋಡಿಸಿ, ಪೈಪು ಎಳೆದು, ನೀರು ಬಿಟ್ಟು ನೋಡಿ ಬರುವುದು ನನ್ನ ಕೆಲಸ. ಬಿಸಿಲಿನಲ್ಲಿ ಕಪ್ಪು ಪೈಪು ಮುಟ್ಟಿದರೆ ಕೈ ಸುಡುತ್ತದೆ. ಇದಕ್ಕಿಂತ ಹೆಚ್ಚಿಗೆ ಹೇಳುವಂಥದ್ದು ಈ ಕೆಲಸದಲ್ಲಿ ಏನೂ ಇಲ್ಲ.

ಜಮೀನು ಅಳೆಯುವ ಆ ಆಪು ನನ್ನ ಫೋನಿಗೆ ಹಾಕಿಕೊಟ್ಟವರು ಅಂಗಡಿ ಯಜಮಾನರು. ಅದಕ್ಕೂ ಕಾರಣ ಇತ್ತು. ರೈತರು ಅಂಗಡಿಗೆ ಬಂದು ಎರಡೆಕರೆ ಅನ್ನುತ್ತಾರೆ. ಅಲ್ಲಿಗೆ ಹೋದರೆ ಒಂದೂವರೆಯೂ ಇರುವುದಿಲ್ಲ. ಕೆಲವರದು ಮೂರು ಇರುತ್ತದೆ. ತುಂಬಿಕೊಂಡು ಹೋದ ಪೈಪು ಉಳಿದರೆ ವಾಪಸು ಹೊರಬೇಕು, ಸಾಲದಿದ್ದರೆ ಇನ್ನೊಂದು ಸಲ ಗಾಡಿ ಓಡಿಸಬೇಕು. ಆಪು ಇದ್ದರೆ ಆ ತಾಪತ್ರಯವಿಲ್ಲ. ಹೊಲದ ಮೂಲೆಯಲ್ಲಿ ನಿಂತು ಶುರು ಅಂತ ಒತ್ತಿ, ಬದುವಿನ ಮೇಲೆ ಒಂದು ಸುತ್ತು ನಡೆದು ಬಂದರೆ ಎಷ್ಟು ಎಕರೆ ಎಷ್ಟು ಗುಂಟೆ ಅಂತ ತೋರಿಸುತ್ತದೆ. ಎಷ್ಟು ಸುರುಳಿ ಪೈಪು ಬೇಕು ಅಂತ ಅಂದಾಜು ಸಿಗುತ್ತದೆ. ಒಂದೆರಡು ಗುಂಟೆ ಆಚೀಚೆ ಆದರೆ ಪೈಪಿಗೆ ಏನೂ ಆಗುವುದಿಲ್ಲ. ಬದುವಿಗೆ ಆಗುತ್ತದೆ.

ಇದನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ. ಯಾರೂ ಕೇಳುವುದಿಲ್ಲ. ಒಬ್ಬನ ಹೊಲದಲ್ಲಿ ಫೋನು ಹಿಡಿದು ನಡೆದದ್ದನ್ನು ಪಕ್ಕದವನು ನೋಡುತ್ತಾನೆ. ಸಾಯಂಕಾಲಕ್ಕೆ ಊರಿಗೆಲ್ಲ ನಾನು ಮೊಬೈಲ್ ಸರ್ವೇಯರು. ಆಮೇಲೆ ಫೋನು ನಿಲ್ಲುವುದಿಲ್ಲ. ಒಬ್ಬನಿಗೆ ಮನೆ ನಿವೇಶನ ಅಳೆಯಬೇಕು. ಇನ್ನೊಬ್ಬನಿಗೆ ದಾರಿ ಎಷ್ಟು ಒತ್ತುವರಿಯಾಗಿದೆ ಅಂತ ಬೇಕು. ಕುಂತೂರಿನ ಕಬ್ಬಿನವನೊಬ್ಬ, ಅಳೆದಾಯ್ತಲ್ಲ, ಎಷ್ಟು ಟನ್ ಬೀಳುತ್ತದೆ ಅಂತಲೂ ಒತ್ತಿ ನೋಡು ಅಂದ. ನನಗೆ ನಗುವುದಕ್ಕೂ ಶಕ್ತಿ ಇರಲಿಲ್ಲ.

ಕಟಿಂಗ್ ಪ್ಲೇಯರ್‌ನಲ್ಲಿ ನಟ್ಟು ಬಿಚ್ಚಬಹುದು. ಬಿಚ್ಚಿಕೊಳ್ಳುತ್ತದೆ ಕೂಡ. ಆದರೆ ನಟ್ಟಿನ ಮೂಲೆ ಸವೆಯುತ್ತದೆ. ಮುಂದಿನ ಸಲ ಸರಿಯಾದ ಪಾನ, ಅಂದರೆ ಸ್ಪ್ಯಾನರ್, ಹಾಕಿದರೂ ಹಿಡಿಯುವುದಿಲ್ಲ. ಇದು ಎಲ್ಲರಿಗೂ ಗೊತ್ತು. ಫೋನಿನ ವಿಷಯಕ್ಕೆ ಬಂದರೆ ಮಾತ್ರ ಎಲ್ಲರಿಗೂ ಮರೆತುಹೋಗುತ್ತದೆ. ಫೋನಿನೊಳಗೆ ಇರುವುದು ಪಾನವಲ್ಲ, ದೇವರು ಅಂದುಕೊಂಡಿದ್ದಾರೆ.

ನಮ್ಮ ಯಜಮಾನರೂ ಕಡಿಮೆಯಿಲ್ಲ. ಅಂಗಡಿಯಲ್ಲಿ ಒಂದು ಕಂಪ್ಯೂಟರ್ ಇದೆ. ಅದರಲ್ಲಿ ಡ್ರಿಪ್ ಪ್ಲಾನ್ ಮಾಡುವ ಸಾಫ್ಟ್‌ವೇರ್ ಇದೆ. ಹೊಲದ ಇಳಿಜಾರು, ಮೋಟಾರಿನ ತಾಕತ್ತು ಹಾಕಿದರೆ ಯಾವ ಅಳತೆಯ ಪೈಪು ಎಲ್ಲಿ ಬೇಕು ಅಂತ ಅದು ಹೇಳುತ್ತದಂತೆ. ಅವರು ಅದರಲ್ಲಿ ಬಣ್ಣಬಣ್ಣದ ಚಿತ್ರ ತೆಗೆದು, ಪ್ರಿಂಟ್ ಹಾಕಿ, ಗಿರಾಕಿಗಳಿಗೆ ಕಾಣುವ ಹಾಗೆ ಗಾಜಿನ ಕೆಳಗೆ ಇಟ್ಟಿದ್ದಾರೆ. ಇಳಿಜಾರಿನ ಜಾಗದಲ್ಲಿ ಯಾವಾಗಲೂ ಸೊನ್ನೆ. ಹನೂರು ಕಡೆ ಸೊನ್ನೆ ಇಳಿಜಾರಿನ ಹೊಲ ನಾನು ಇನ್ನೂ ನೋಡಿಲ್ಲ. ಪೈಪಿನ ಅಳತೆ ಬಾಯಲ್ಲೇ ಹೇಳುತ್ತಾರೆ. ಆಮೇಲೆ ಕೊನೆಯ ಸಾಲಿಗೆ ನೀರು ಹತ್ತಲಿಲ್ಲ ಅಂತ ರೈತ ಫೋನ್ ಮಾಡಿದರೆ ಬೈಸಿಕೊಳ್ಳುವವನು ನಾನು.

ಇರಲಿ. ಜಮೀನಿನ ವಿಷಯಕ್ಕೆ ಬರುತ್ತೇನೆ.

ಹನೂರಿನಿಂದ ಒಳಕ್ಕೆ ಹೋಗುವ ರಸ್ತೆಯ ಒಂದು ಊರು. ಊರಿನ ಹೆಸರು ಬೇಡ. ದೊಡ್ಡಣ್ಣನ ಅಪ್ಪ ಬದುಕಿದ್ದಾಗಲೇ ಬಾಯಿಮಾತಿನಲ್ಲಿ ಜಮೀನನ್ನು ಇಬ್ಬರು ಮಕ್ಕಳಿಗೆ ಅರ್ಧ ಅರ್ಧ ಮಾಡಿ ನಡುವೆ ಬದು ಹಾಕಿಸಿದ್ದ. ಮೇಲಿನ ಅರ್ಧ ದೊಡ್ಡಣ್ಣನದು. ಕೆಳಗಿನ ಅರ್ಧ ತಮ್ಮನದು. ಕಾಗದದಲ್ಲಿ ಎಲ್ಲ ಇನ್ನೂ ಅಪ್ಪನ ಹೆಸರಿನಲ್ಲೇ ಇದೆ. ತಮ್ಮ ತನ್ನ ಪಾಲಿನಲ್ಲಿ ಬೋರ್ ಹಾಕಿಸಿದ. ನೀರು ನೋಡುವವನು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲವೆಲ್ಲ ಓಡಾಡಿದ್ದ. ಕಾಯಿ ಎದ್ದು ನಿಂತದ್ದು ನಡುವಿನ ಬದುವಿನ ಪಕ್ಕದಲ್ಲೇ. ಅಲ್ಲೇ ಕೊರೆಸಿದರು. ಒಳ್ಳೆಯ ನೀರು ಬಂತು. ಸ್ವಲ್ಪ ಈಚೆ ನಿಂತಿದ್ದರೆ ಈ ಗಲಾಟೆಯೇ ಇರುತ್ತಿರಲಿಲ್ಲ. ತೆಂಗಿನಕಾಯಿಗೆ ಬದು ಕಾಣುತ್ತದೆಯೇ.

ಆಮೇಲೆ ತಮ್ಮ ತೀರಿಕೊಂಡ. ಅಕ್ಕ ಒಬ್ಬಳೇ ಅರಿಶಿನ ಬೆಳೆದುಕೊಂಡು ಬದುಕು ನಡೆಸುತ್ತಿದ್ದಾಳೆ. ಅರಿಶಿನಕ್ಕೆ ನೆಟ್ಟಾಗಿನಿಂದ ಕೀಳುವ ತನಕ ನೀರು ಬೇಕು. ಅವಳಿಗೆ ಆ ಬೋರ್ ಬಿಟ್ಟರೆ ಬೇರೆ ನೀರಿಲ್ಲ. ದೊಡ್ಡಣ್ಣನಿಗೆ ಹಳೆಯ ತೆರೆದ ಬಾವಿ ಇದೆ. ಅದರಲ್ಲಿ ನೀರು ಇದೆ ಅಂದರೆ ಇದೆ, ಇಲ್ಲ ಅಂದರೆ ಇಲ್ಲ. ಅವನ ಜೋಳಕ್ಕೆ ಬೇಕಾದಾಗ ಅಕ್ಕ ಬೋರ್ ನೀರು ಬಿಡುತ್ತಿದ್ದಳು. ಕೇಳಿಸಿಕೊಳ್ಳುತ್ತಿದ್ದದ್ದು ಎಮ್ಮೆಯೇ ಆದರೂ ನೀರು ಮಾತ್ರ ಹೋಗುತ್ತಿತ್ತು.

ಹೋದ ಬೇಸಿಗೆಯಲ್ಲಿ ಇಬ್ಬರೂ ಸೇರಿ ಹೊಲಕ್ಕೆ ಕೆರೆಗೋಡು, ಅಂದರೆ ಕೆರೆಯ ಹೂಳುಮಣ್ಣು, ಹೊಡೆಸಿದರು. ಮಣ್ಣು ಹರಡಲು ಬಂದ ಜೆಸಿಬಿಯವನು ನಡುವಿನ ಬದುವನ್ನೂ ಸೇರಿಸಿ ಸಮ ಮಾಡಿ ಹೋದ. ಯಾರೂ ನೋಡಿಕೊಳ್ಳಲಿಲ್ಲ. ಮಳೆಗಾಲದಲ್ಲಿ ಹೊಲ ಹೂಡುವಾಗ ಗೆರೆ ಎಲ್ಲಿ ಅಂತ ಮಾತು ಬಂತು. ತಾಲೂಕು ಆಫೀಸಿಗೆ ಸರ್ವೆಗೆ ಅರ್ಜಿ ಕೊಟ್ಟರು. ಸರದಿ ಬಂದಾಗ ಬರುತ್ತೇವೆ ಅಂದರು. ಅಷ್ಟರಲ್ಲಿ ಅಕ್ಕನ ವಾಲ್ ಸೋರಿತು, ನಾನು ಹೋದೆ, ದೊಡ್ಡಣ್ಣ ನನ್ನನ್ನು ನೋಡಿದ.

ನಾನು ಆಗಲ್ಲ ಅಂದೆ. ಇದು ಪೈಪಿಗೆ ಮಾತ್ರ ಅಂದೆ.

"ನಾವೇನ್ ಅದ್ರಲ್ಲಿ ಸಿನ್ಮಾ ಆಕು ಅಂದ್ವಾ? ಅಳ್ಯಾಕೇ ತಾನೆ ಇರದು ಅದು" ಅಂದ ದೊಡ್ಡಣ್ಣ.

ಅಕ್ಕನೂ ಬೇಡ ಅನ್ನಲಿಲ್ಲ. ಅಳೆದರೆ ಒಳ್ಳೆಯದೇ, ಮಾತು ನಿಲ್ಲುತ್ತದೆ ಅಂತ ಅವಳ ಲೆಕ್ಕ. ಹಳೆಯ ಬದು ಎಲ್ಲಿತ್ತು ಅನ್ನುವುದರಲ್ಲಿ ಇಬ್ಬರಿಗೂ ತಕರಾರಿರಲಿಲ್ಲ. ಈ ಕಡೆಯ ಕಲ್ಲಿನಿಂದ ಆ ಕಡೆಯ ಹುಣಸೆ ಬೊಡ್ಡೆಗೆ ಹಗ್ಗ ಎಳೆದರು. ಹಗ್ಗದಿಂದ ಮೇಲೆ ಒಂದು ಸಲ, ಕೆಳಗೆ ಒಂದು ಸಲ ಅಳೆಯುವುದು, ಎರಡೂ ಸಮ ಬಂದರೆ ಅಲ್ಲೇ ಬದು ಹಾಕುವುದು ಅಂತ ಮಾತಾಯಿತು. ಯಾರು ನಡೆಯುವುದು ಅಂದಾಗ ದೊಡ್ಡಣ್ಣ ನಾನೇ ಅಂದ. ನನ್ನ ಕಾಲಿಗೂ ಅದೇ ಬೇಕಿತ್ತು. ಶುರು ಎಲ್ಲಿ, ಮುಗೀತು ಎಲ್ಲಿ ಅಂತ ತೋರಿಸಿಕೊಟ್ಟು ನಾನು ವಾಲ್ ಹತ್ತಿರ ಕೂತೆ.

ಮೇಲಿನ ಅರ್ಧ ಅಳೆದ. ಕೆಳಗಿನ ಅರ್ಧ ಅಳೆಯುವಾಗ ಬನ ಸುತ್ತಿದ. ಮುಗಿಸಿ ಬಂದು ಫೋನು ನನ್ನ ಕೈಗೆ ಕೊಟ್ಟ. ಅಕ್ಕನ ಪಾಲು ಅವನದಕ್ಕಿಂತ ಮೂರು ಗುಂಟೆ ಹೆಚ್ಚಿತ್ತು.

ಪೇಟೆಯವರಿಗೆ ಮೂರು ಗುಂಟೆ ಅಂದರೆ ಏನೂ ಅನ್ನಿಸದಿರಬಹುದು. ಅದನ್ನು ಸಮ ಮಾಡಬೇಕಾದರೆ ಹಗ್ಗ ಒಂದೂವರೆ ಗುಂಟೆಯಷ್ಟು ಕೆಳಕ್ಕೆ ಸರಿಯಬೇಕು. ಆ ಹೊಲದ ಅಗಲಕ್ಕೆ ಅದು ಹತ್ತಿರ ಹತ್ತಿರ ಎರಡು ಮಾರು. ಬೋರ್ ಇದ್ದದ್ದು ಹಗ್ಗದಿಂದ ಒಂದು ಮಾರಿನ ಒಳಗೆ. ಅಂದರೆ ಬೋರ್ ದೊಡ್ಡಣ್ಣನ ಪಾಲಿಗೆ ಹೋಗುತ್ತಿತ್ತು.

ಅಲ್ಲಿದ್ದ ಮೂರೂ ಜನಕ್ಕೆ ಅದು ಒಂದೇ ಸಲಕ್ಕೆ ಗೊತ್ತಾಯಿತು. ದೊಡ್ಡಣ್ಣ ಹಗ್ಗ ನೋಡಿದ, ಬೋರ್ ನೋಡಿದ. ಅವನೇನು ಮೊದಲೇ ಲೆಕ್ಕ ಹಾಕಿಕೊಂಡು ಬಂದವನಲ್ಲ. ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಬೀದಿಯಲ್ಲಿ ಬಿದ್ದದ್ದು ಸಿಕ್ಕಿದರೆ ಹೇಗಿರುತ್ತದೋ ಹಾಗಿತ್ತು. ಆಮೇಲೆ, ಅಪ್ಪ ಹೇಳಿದ್ದು ಅರ್ಧ ಅರ್ಧ, ಹಾಗಾಗಿ ಬದು ಎರಡು ಮಾರು ಕೆಳಕ್ಕೆ ಬರಬೇಕು ಅಂದ.

ಫೋನು ಹೇಳುವುದೆಲ್ಲ ಸರಿ ಇರುವುದಿಲ್ಲ ಅಂದೆ.

"ಮೇಲಿಂದ ಸಾಟ್ಲೈಟ್ ನೋಡಿ ಯೋಳ್ತಿರದು ಕಣ್ಲಾ. ಅದೇನ್ ನಂಗ್ ದಾಯಾದಿನಾ, ಅವ್ಳ್ಗೆ ದಾಯಾದಿನಾ? ಸುಳ್ಳಾಡಿ ಅದ್ಕೇನ್ ಆಗ್ಬೇಕು?"

ಅಕ್ಕ ನನ್ನ ಹತ್ತಿರ ಬಂದು ನಿಂತಳು. ಅವಳ ದನಿ ಸಣ್ಣದಾಗಿತ್ತು. "ಬೋರ್ ನಮ್ಮೋರ್ ಆಕ್ಸಿದ್ದು ಕಣಪ್ಪ. ಅದ್ ಯೋಳ್ತದಾ ನಿನ್ ಪೋನು?"

ಅದು ಹೇಳುವುದಿಲ್ಲ. ನಾನು ಫೋನು ನೋಡಿದೆ. ನಡೆದ ದಾರಿಯನ್ನು ಅದು ಗೆರೆ ಎಳೆದು ತೋರಿಸುತ್ತದೆ. ಅಕ್ಕನ ಹೊಲದ ಮೂಲೆಯಲ್ಲಿ ಗೆರೆ ಒಂದು ಗಂಟು ಹಾಕಿಕೊಂಡಿತ್ತು, ಹಗ್ಗದ ತುದಿಗೆ ಕುಣಿಕೆ ಹಾಕಿದ ಹಾಗೆ. ಅದು ಬನ. ಒಂದು ಸಲ ಹೊಲದ ಜೊತೆ ಸೇರಿ ಲೆಕ್ಕಕ್ಕೆ ಬಂದಿತ್ತು, ಸುತ್ತಿದ್ದರಿಂದ ಇನ್ನೊಂದು ಸಲ ಬಂದಿತ್ತು. ಮೂರು ಗುಂಟೆ ಎಲ್ಲಿಂದ ಬಂತು ಅಂತ ಆಗ ತಿಳಿಯಿತು.

ಅದನ್ನು ಹೇಳಿದೆ. ಹೇಳಿದ್ದೇ ತಪ್ಪಾಯಿತು.

"ಅಮ್ಮನ್ ಸುತ್ತಿದ್ದು ತಪ್ಪು ಅಂತೀಯಾ?" ಅಂದ ದೊಡ್ಡಣ್ಣ.

ಸುತ್ತಿದ್ದು ತಪ್ಪಲ್ಲ, ಫೋನು ಹಿಡಿದುಕೊಂಡು ಸುತ್ತಿದ್ದು ತಪ್ಪು ಅಂದೆ. ಸುತ್ತುವಾಗ ಅದನ್ನು ನಿಲ್ಲಿಸುವುದಕ್ಕೆ ಒಂದು ಬಟನ್ ಇದೆ, ಒತ್ತಿ ನಿಲ್ಲಿಸಿ ಆಮೇಲೆ ಮುಂದುವರಿಸಬಹುದು ಅಂದೆ. ಅಮ್ಮನ ಜಾಗ ಬಂದಾಗ ನಿಲ್ಲಿಸಿಬಿಡುವುದು ಅಂದರೆ ಏನರ್ಥ, ಅಮ್ಮನ ಜಾಗ ಜಮೀನಿಗೆ ಸೇರಿಲ್ಲವಾ ಅಂತ ಅವನು. ಅಕ್ಕನ ಕಡೆ ನೋಡಿದೆ. ಅವಳಾದರೂ ಒಂದು ಮಾತು ಹೇಳಲಿ ಅಂತ. ಸುತ್ತು ಬರುವುದಕ್ಕೆ ಹೇಳಿದವಳು ಅವಳೇ. ಅದರಿಂದಲೇ ಅವಳ ಬೋರ್ ಹೋಗುತ್ತಿದೆ ಅಂತ ಅವಳಿಗೂ ಗೊತ್ತಾಗಿತ್ತು. ಆದರೂ ಅವಳು, "ಸುತ್ತದೆ ಓಗಾಕಾಯ್ತದಾ" ಅಂದಳು, ನನಗಲ್ಲ, ನೆಲಕ್ಕೆ.

ನಾನು ಪಾನ, ಟೇಪು ಚೀಲಕ್ಕೆ ಹಾಕಿಕೊಂಡು ಹೊರಟೆ. ನನಗೆ ಇನ್ನೂ ಎರಡು ಕಡೆ ಹೋಗಬೇಕಿತ್ತು.

ಅಂಗಡಿಗೆ ಬಂದು ಯಜಮಾನರಿಗೆ ಹೇಳಿದೆ. ಅವರು ನನ್ನ ಫೋನು ತೆಗೆದುಕೊಂಡು ಆಪು ತೆರೆದರು. ತೆರೆದಾಗಲೆಲ್ಲ ಮೊದಲು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರುತ್ತದೆ. ನಾನು ಓಕೆ ಒತ್ತುತ್ತೇನೆ. ಅವರು ಮೊದಲ ಸಲ ಓದಿದರು. ಇದು ಅಂದಾಜಿಗೆ ಮಾತ್ರ, ಗಡಿ ಗುರುತಿಸುವುದಕ್ಕೆ ಇದನ್ನು ಬಳಸಬಾರದು ಅಂತ ಬರೆದಿದೆಯಲ್ಲೋ ಅಂದರು. ನೀವೇ ಹಾಕಿಕೊಟ್ಟದ್ದು, ನೀವು ಓದಿರಲಿಲ್ಲವಾ ಅಂದೆ. ಅದನ್ನೆಲ್ಲ ಯಾರು ಓದುತ್ತಾರೆ ಅಂದು ಅವರೂ ಓಕೆ ಒತ್ತಿದರು.

ಒಂದು ವಾರವೂ ಆಗಿರಲಿಲ್ಲ, ಅಕ್ಕ ಫೋನ್ ಮಾಡಿದಳು. ಭಾವ ಮೋಟಾರಿನ ಸ್ಟಾರ್ಟರ್ ಪೆಟ್ಟಿಗೆಗೆ ಬೀಗ ಹಾಕಿದ್ದಾನೆ ಅಂದಳು. ಬದು ಹಾಕುವವರೆಗೆ ಮೋಟಾರ್ ಯಾರೂ ಮುಟ್ಟಬಾರದು ಅಂತ ಅವನ ತೀರ್ಮಾನ. ಅವನೂ ಮುಟ್ಟುತ್ತಿರಲಿಲ್ಲ. ಅದು ಮಾತ್ರ ನ್ಯಾಯವಾಗಿತ್ತು. ಅವನ ಜೋಳ ತಡೆದುಕೊಳ್ಳುತ್ತದೆ, ಅರಿಶಿನ ತಡೆಯುವುದಿಲ್ಲ. ಮಳೆ ನಿಂತು ಬಿಸಿಲು ಬಿದ್ದಿತ್ತು. ಎಲೆ ಸುರುಳಿ ಸುತ್ತಿಕೊಳ್ಳುತ್ತಿದೆ, ನೀನೇ ಬಂದು ಒಂದು ಮಾತು ಹೇಳು ಅಂದಳು. ನಾನು ಯಾರು ಹೇಳುವುದಕ್ಕೆ ಅಂದೆ. "ಪೋನ್ ನಿಂದು ತಾನೆ" ಅಂದಳು.

ಹೋದೆ. ಹೋಗುವ ಮನಸ್ಸಿರಲಿಲ್ಲ, ಹೋದೆ. ಅರಿಶಿನದ ಎಲೆಗಳು ನಿಜವಾಗಿಯೂ ಸುರುಳಿಯಾಗಿದ್ದವು. ನಾನು ಎಳೆದ ಪೈಪುಗಳು ಸಾಲಿನಲ್ಲಿ ಒಣಗಿ ಬಿದ್ದಿದ್ದವು. ಹಸಿ ಮಣ್ಣಿನ ಒಂದು ಚುಕ್ಕೆಯೂ ಇರಲಿಲ್ಲ. ಅದನ್ನು ನೋಡಿ ಸಿಟ್ಟು ಬಂತು. ಅಷ್ಟು ಬಗ್ಗಿ ಎಳೆದ ಪೈಪು.

ದೊಡ್ಡಣ್ಣ ಅವನ ಹೊಲದ ಬೇಲಿ ಹತ್ತಿರ ಇದ್ದ. ಬೀಗ ತೆಗಿ ಅಂದೆ. ಅವನು ಮೊದಲಿನದನ್ನೇ ಹೇಳಿದ. ಅಳೆದಾಗಿದೆ, ಬಂದದ್ದು ಬಂದಿದೆ.

ಫೋನು ನನ್ನದು, ನಾನೇ ಹೇಳುತ್ತಿದ್ದೇನೆ, ಅದು ತಪ್ಪು ಅಂದೆ.

"ನೀನ್ ಮನ್ಸ. ಅದು ಮಿಸನ್ನು. ಮನ್ಸನ್ ಮಾತ್ ಕೇಳಿ ಮಿಸನ್ ತಪ್ಪು ಅಂತಾ ಬುಟ್ಬುಡ್ಲಾ?"

ಇವನ ಹತ್ತಿರ ಮಾತಾಡಿ ಆಗುವುದಿಲ್ಲ ಅನ್ನಿಸಿತು. ಫೋನು ತೆಗೆದು ಶುರು ಅಂತ ಒತ್ತಿ ಅವನ ಕೈಗೆ ಕೊಟ್ಟೆ. ನಿನ್ನ ಪಾಲನ್ನೇ ಒಂದು ಸುತ್ತು ಬಾ, ಬಂದವನು ನಿಲ್ಲಬೇಡ, ಹಾಗೇ ಇನ್ನೊಂದು ಸುತ್ತು ಬಾ ಅಂದೆ. ಯಾಕೆ ಅಂದ. ಮಿಷನ್ ನಿಜ ಹೇಳುತ್ತದಲ್ಲ, ಕೇಳಿಕೊಂಡು ಬಾ ಅಂದೆ. ಅವನು ನನ್ನನ್ನು ಬೈದುಕೊಂಡೇ ಹೊರಟ.

ನಾನು ಬೇಲಿಯ ನೆರಳಿನಲ್ಲಿ ಕೂತೆ. ಅಕ್ಕ ಆ ಕಡೆ ಅವಳ ಹೊಲದಲ್ಲಿ ನಿಂತಿದ್ದಳು. ಅವನು ಜೋಳದ ಆಚೆ ಮರೆಯಾದ, ಮತ್ತೆ ಕಂಡ, ನನ್ನ ಮುಂದೆಯೇ ಹಾದು ಎರಡನೇ ಸುತ್ತಿಗೆ ಹೋದ. ಬಿಸಿಲು ಏರಿತ್ತು. ಎರಡನೇ ಸುತ್ತು ಮುಗಿಸಿ ಬಂದವನ ಅಂಗಿ ಬೆನ್ನಿಗೆ ಅಂಟಿತ್ತು. ಮುಗೀತು ಅಂತ ಒತ್ತಿಸಿ, ಓದು ಅಂದೆ.

ಓದಿದ. ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ಇನ್ನೊಂದು ಸಲ ಓದಿದ. ಅವನ ಜಮೀನು ಎರಡರಷ್ಟಾಗಿತ್ತು.

"ನಮ್ಮಪ್ಪ ಬುಟ್ಟೋಗಿದ್ದೇ ಇಷ್ಟಿಲ್ವಲ್ಲಾ" ಅಂದ.

ಅವನು ಜೋಳದ ಕಡೆ ತಿರುಗಿ ನೋಡಿದ, ಎಲ್ಲಾದರೂ ಇನ್ನೊಂದು ಹೊಲ ಬಂದು ಕೂತಿದೆಯೇನೋ ಅನ್ನುವ ಹಾಗೆ. "ಅಂಗಾರೆ ನಾನ್ ಬೆಳ್ಗಿಂದ ಬೈಗಿನ್ ಗಂಟ ಸುತ್ತಿದ್ರೆ ಅನೂರೆಲ್ಲಾ ನಂದೇಯಾ?" ಅಂದ. ಅಕ್ಕ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಅವನಿಗೂ ಅರ್ಧ ನಗು ಬಂತು, ನುಂಗಿಕೊಂಡ.

ಆಮೇಲೆ ಅವನೇ ಇನ್ನೊಂದು ಸಲ ಕೆಳಗಿನ ಅರ್ಧ ಅಳೆಯೋಣ ಅಂದ. ನನಗೆ ಸಾಕಾಗಿತ್ತು, ಆದರೂ ಜೊತೆಯಲ್ಲಿ ಹೋದೆ. ಬನ ಬಂದಾಗ ಬಟನ್ ಒತ್ತಿ ನಿಲ್ಲಿಸಿ, ಫೋನು ನಾನು ಇಸಿದುಕೊಂಡೆ. ಅವನು ಬರಿಗೈಯಲ್ಲಿ ಸುತ್ತು ಬಂದ. ಮತ್ತೆ ಒತ್ತಿ ಮುಂದುವರಿಸಿದೆವು. ಈ ಸಲ ಅಕ್ಕನ ಪಾಲು ಅವನದಕ್ಕಿಂತ ಚೂರು ಕಡಿಮೆಯೇ ಬಂತು. ಅವನು ನಂಬಲಿಲ್ಲ, ಇನ್ನೊಂದು ಸಲ ಅಂದ. ಆಗ ಬೇರೆ ಲೆಕ್ಕ ಬಂತು, ಚೂರು ಹೆಚ್ಚು. ಹುಣಸೆ, ಬೇವಿನ ಕೆಳಗೆ ಅದು ತಡವರಿಸುತ್ತದೆ. ಮೋಡ ಬಂದರೂ ತಡವರಿಸುತ್ತದೆ ಅಂತ ನನಗೆ ಅನುಮಾನ. ಇನ್ನೂ ಅಳೆದರೆ ಇನ್ನೊಂದು ಲೆಕ್ಕ ಬರುತ್ತದೆ, ಅದು ಪೈಪಿಗೆ ಮಾತ್ರ ಅಂತ ಮೊದಲ ದಿನವೇ ಹೇಳಿದ್ದೆ ಅಂದೆ.

ಅವನು ಫೋನು ವಾಪಸು ಕೊಟ್ಟ. ಅಂಗಿಯಲ್ಲಿ ಮುಖ ಒರೆಸಿಕೊಂಡ. ತಪ್ಪಾಯಿತು ಅಂತ ಯಾರಿಗೂ ಹೇಳಲಿಲ್ಲ. ಅವನ ಬಾಯಲ್ಲಿ ಅದು ಬರುವುದೂ ಇಲ್ಲ. ಸ್ಟಾರ್ಟರ್ ಪೆಟ್ಟಿಗೆ ಹತ್ತಿರ ಹೋಗಿ ಬೀಗ ತೆಗೆದ. ಕೀಯನ್ನೂ ಬೀಗವನ್ನೂ ಪೆಟ್ಟಿಗೆಯ ಮೇಲೇ ಇಟ್ಟ. ಅಕ್ಕ ಅಲ್ಲೇ ಹತ್ತಿರದಲ್ಲಿ ನಿಂತಿದ್ದಳು.

ಅವನು ನನ್ನ ಕಡೆ ನೋಡಿಕೊಂಡು, "ಸರ್ವೇರು ಬರಗಂಟ ನೀರ್ ಬುಟ್ಕೊಳ್ಳಿ ಅಂತ ಯೋಳ್ಲಾ. ಗಿಡುಕ್ಕೇನ್ ಗೊತ್ತು ಪಾಲು" ಅಂದ.

ನಾನು ಹೇಳಬೇಕಾಗಿರಲಿಲ್ಲ. ಅವಳು ಆಗಲೇ ಬಟನ್ ಒತ್ತಿದ್ದಳು. ಮೋಟಾರ್ ಹತ್ತಿತು. ಪೈಪುಗಳಲ್ಲಿ ಮೊದಲು ಗಾಳಿ ಬಂತು, ಸುಸ್ ಅಂತ ಸದ್ದು, ಆಮೇಲೆ ನೀರು. ನಾನು ಕೊನೆಯ ಸಾಲಿನವರೆಗೂ ನಡೆದು ನೋಡಿದೆ. ಹತ್ತಿತ್ತು.

ಸರ್ವೇಯರ್ ಬಂದದ್ದು ತುಂಬ ದಿನ ಆದ ಮೇಲೆ. ನಾನು ಅವತ್ತು ಆ ದಾರಿಯಲ್ಲಿ ಬೇರೆಯವರ ಕೆಲಸಕ್ಕೆ ಹೋಗುತ್ತಿದ್ದವನು ಜನ ನಿಂತದ್ದು ನೋಡಿ ಇಳಿದೆ. ಮೂರು ಕಾಲಿನ ಮೇಲೆ ಅವರ ಮಿಷನ್ ನಿಲ್ಲಿಸಿದ್ದರು. ಹಳೆಯ ಗಡಿಕಲ್ಲು ಹುಡುಕಿಸಿ, ಮಣ್ಣು ತೆಗೆಸಿ, ಅಲ್ಲಿಂದ ಶುರು ಮಾಡಿದರು. ಅವರದು ನಿಧಾನದ ಕೆಲಸ.

ಬನದ ಹತ್ತಿರ ಬಂದಾಗ ದೊಡ್ಡಣ್ಣ, "ಸಾ, ಇಲ್ಲಿ ಒಂದ್ ಸುತ್ ಬರ್ಬೇಕು" ಅಂದ. ಅವರು ಬೇಡ ಅನ್ನಲಿಲ್ಲ. ಬೂಟು ಬಿಚ್ಚಿದರು. ಅವರ ಮಿಷನ್ ಮಾತ್ರ ನಿಂತ ಜಾಗದಲ್ಲೇ ಮೂರು ಕಾಲಿನ ಮೇಲೆ ನಿಂತಿತ್ತು. ಅವರು ಬರಿಗೈಯಲ್ಲಿ ಸುತ್ತು ಬಂದು, ಬೂಟು ಹಾಕಿಕೊಂಡು, ಮತ್ತೆ ಅದರ ಕಣ್ಣಿಗೆ ಕಣ್ಣಿಟ್ಟರು. ದೊಡ್ಡಣ್ಣ ನನ್ನ ಕಡೆ ನೋಡಿದ. ನಾನು ಬೇರೆ ಕಡೆ ನೋಡಿದೆ.

ಎಲ್ಲ ಅಳೆದು ಅರ್ಧಕ್ಕೆ ಕಲ್ಲು ನೆಟ್ಟರು. ಗೆರೆ ಹೆಚ್ಚುಕಡಿಮೆ ಹಳೆಯ ಹಗ್ಗದ ಜಾಗಕ್ಕೇ ಬಂತು. ಬೋರ್ ಅಕ್ಕನ ಪಾಲಿನಲ್ಲೇ ಉಳಿಯಿತು, ಬದುವಿಗೆ ಅಂಟಿಕೊಂಡ ಹಾಗೆ. ಅಕ್ಕ ಅಳಲೂ ಇಲ್ಲ, ನಗಲೂ ಇಲ್ಲ. ಗುದ್ದಲಿ ತಂದು ಕಲ್ಲಿನ ಬುಡಕ್ಕೆ ತಾನೇ ಮಣ್ಣು ಎಳೆದು ತುಳಿದು ಗಟ್ಟಿ ಮಾಡಿದಳು. ದೊಡ್ಡಣ್ಣ ಆ ಕಡೆಯಿಂದ ಅವನ ಕಡೆಯ ಮಣ್ಣು ತುಳಿದ.

ಆಮೇಲೆ ಅವಳು ನನ್ನನ್ನು ಕರೆದು ಬೋರ್‌ನಿಂದ ಮೇಲಿನ ಹೊಲಕ್ಕೆ ಒಂದು ಲೈನ್ ಎಳೆದು ಬೇರೆ ವಾಲ್ ಇಡು ಅಂದಳು. ವಾಲ್ ಅವಳ ಕಡೆ ಇರಬೇಕು, ತಿರುಗಿಸುವುದು ಅವಳೇ. "ಬೇಕಾದಾಗ ಕೇಳ್ಲಿ, ಬುಡ್ತೀನಿ ಅಂತ ಯೋಳಪ್ಪ" ಅಂದಳು. ಅವನು ಕೇಳಿಸಿಕೊಂಡ. ಎಷ್ಟು ಪೈಪು ಬೇಕು ಅಂತ ನೋಡುವುದಕ್ಕೆ ನಾನು ಫೋನು ತೆಗೆದೆ. ಇಬ್ಬರೂ ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಇದು ಪೈಪಿಗೆ ಅಂದೆ.

ಲೈನ್ ಎಳೆದು ವಾಲ್ ಇಟ್ಟು ಬಂದೆ. ಸೋರುತ್ತಿಲ್ಲ. ಬಸ್ಸಿನಲ್ಲಿ ಊರಿಗೆ ಬರುವಾಗ ಯಾರೋ ಫೋನ್ ಮಾಡಿ, ಅಣ್ಣ ಆ ಬೋರ್ ಗಲಾಟೆ ಬಗೆಹರಿಸಿದ ಫೋನು ನಿನ್ನದೇ ತಾನೆ, ನಮ್ಮ ಹಿತ್ತಲೂ ಸ್ವಲ್ಪ ಅಳೆದುಕೊಡು ಅಂದ. ಕಟ್ ಮಾಡಿದೆ. ಹೇಳುವುದು ಇಷ್ಟೇ, ಇನ್ನೇನೂ ಇಲ್ಲ.